ಆಪತ್ತಿಗಾಗುವ ದುಡ್ಡು ಕೈಯಲ್ಲಿ ನಿಲ್ಲಬೇಕಾದರೆ

ಪ್ರಶ್ನೆ: ನಮ್ಮದು ಕ್ಲೀನಿಂಗ್ ಮತ್ತು ಪ್ಯಾಕಿಂಗ್ ಕೆಲಸ ಮಾಡಿಸುವ ಚಿಕ್ಕ ಸಂಸ್ಥೆ. ಕೆಲಸಗಾರರ ಸಂಬಳ ಕಡಿಮೆ. ತಿಂಗಳ ಮಧ್ಯಕ್ಕೇ ಯಾರಾದರೂ ಅಡ್ವಾನ್ಸ್ ಕೇಳಿಕೊಂಡು ಬರುತ್ತಾರೆ. ಮಗುವಿಗೆ ಜ್ವರ ಬಂದರೂ ಬಡ್ಡಿ ಸಾಲವೇ ಗತಿ. ಉಳಿತಾಯದ ಬಗ್ಗೆ ಒಬ್ಬರನ್ನು ಕರೆಸಿ ಭಾಷಣ ಮಾಡಿಸಿದೆವು, ಎಲ್ಲರಿಗೂ ಬ್ಯಾಂಕ್ ಖಾತೆ ಮಾಡಿಸಿಕೊಟ್ಟೆವು. ಆರು ತಿಂಗಳಾಯಿತು, ಹೆಚ್ಚಿನ ಖಾತೆಗಳು ಖಾಲಿ. ಇಷ್ಟು ಕಡಿಮೆ ಸಂಬಳದಲ್ಲಿ ಉಳಿಸಲು ನಿಜವಾಗಿ ಆಗುತ್ತದೆಯೇ? ದುಡ್ಡು ತೆಗೆಯಲು ಬಾರದ ಹಾಗೆ ಲಾಕ್ ಮಾಡಿಬಿಟ್ಟರೆ ಸರಿಹೋದೀತೇ?

ಉತ್ತರ: ಆಗುತ್ತದೆ. ಎಲ್ಲರಿಂದ ಅಲ್ಲ, ಪ್ರತಿ ತಿಂಗಳೂ ಅಲ್ಲ. ಆದರೂ ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿ ಜನರಿಂದ ಆಗುತ್ತದೆ. ಲಾಕ್ ಮಾಡುವುದು ಮಾತ್ರ ಬೇಡ. ಅದರ ಕಾರಣಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಅಡ್ವಾನ್ಸ್ ಪುಸ್ತಕವನ್ನೇ ತೆಗೆದು ನೋಡೋಣ.

ಒಬ್ಬರು ಒಂದು ವಾರದ ಸಂಬಳದಷ್ಟು ಅಡ್ವಾನ್ಸ್ ತೆಗೆದುಕೊಂಡರು ಅಂದುಕೊಳ್ಳಿ. ಮುಂದಿನ ಮೂರು ತಿಂಗಳು ನೀವು ಸ್ವಲ್ಪ ಸ್ವಲ್ಪ ಹಿಡಿದುಕೊಂಡಿರಿ, ಲೆಕ್ಕ ಚುಕ್ತಾ ಆಯಿತು. ಅಂದರೆ ಅದೇ ಸಂಬಳದಿಂದ ಮೂರು ತಿಂಗಳು ಒಂದಿಷ್ಟು ದುಡ್ಡು ಪಕ್ಕಕ್ಕೆ ಬಂತು, ಮನೆಯೂ ಹೇಗೋ ನಡೆಯಿತು. ಹೊರಗಿನ ಬಡ್ಡಿ ಸಾಲದ ಕಥೆಯೂ ಇದೇ. ಢಾಕಾದ ಕೊಳೆಗೇರಿಗಳಲ್ಲಿ 1996ರಲ್ಲಿ ಸೇಫ್‌ಸೇವ್ ಅನ್ನುವ, ಬಡವರ ಉಳಿತಾಯದ ಸಂಸ್ಥೆ ಶುರುಮಾಡಿದ ಸ್ಟುವರ್ಟ್ ರುದರ್‌ಫೋರ್ಡ್ ಇದನ್ನು ಚೆನ್ನಾಗಿ ಗುರುತಿಸಿದ್ದರು. ಮುಂಚೆ ಕೂಡಿಟ್ಟು ಆಮೇಲೆ ಖರ್ಚು ಮಾಡುವುದು ಒಂದು ದಾರಿ. ಮುಂಚೆ ದುಡ್ಡು ಪಡೆದು ಆಮೇಲೆ ಕಂತು ಕಟ್ಟುವುದು ಇನ್ನೊಂದು ದಾರಿ. ಗಳಿಕೆಯಿಂದ ಚೂರು ಚೂರು ತೆಗೆದಿಡುವ ಕಷ್ಟ ಎರಡರಲ್ಲೂ ಒಂದೇ. ಎರಡನೆಯದರಲ್ಲಿ ಮೇಲಿಂದ ಬಡ್ಡಿಯನ್ನೂ ಕೊಡಬೇಕು, ಇನ್ನೊಬ್ಬರ ಮುಂದೆ ಕೈಯನ್ನೂ ಚಾಚಬೇಕು.

ಹಾಗಾಗಿ ನಿಮ್ಮ ಕೆಲಸಗಾರರಿಗೆ ಉಳಿತಾಯದ ಗುಣ ಕಲಿಸುವ ಅಗತ್ಯ ಇಲ್ಲ. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದನ್ನು ಅವರೂ ಚಿಕ್ಕಂದಿನಿಂದ ಕೇಳಿದ್ದಾರೆ. ಅವರಿಗೆ ಬೇಕಾಗಿರುವುದು, ಪಕ್ಕಕ್ಕೆ ತೆಗೆದ ದುಡ್ಡು ಆಪತ್ತು ಬರುವವರೆಗೆ ಕರಗದೆ ನಿಲ್ಲುವ ಒಂದು ಜಾಗ. ಖಾತೆ ಮಾಡಿಸಿದೆವಲ್ಲ ಅಂತ ನೀವು ಕೇಳಬಹುದು. ಖಾತೆ ಇದ್ದರಷ್ಟೇ ಸಾಲದು. ಉಗಾಂಡಾ, ಮಲಾವಿ, ಚಿಲಿ ಈ ಮೂರು ದೇಶಗಳಲ್ಲಿ ಜನರಿಗೆ ಉಚಿತ ಖಾತೆ ಮಾಡಿಸಿಕೊಟ್ಟು ಎರಡು ವರ್ಷ ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಆ ಎರಡು ವರ್ಷದಲ್ಲಿ ಕನಿಷ್ಠ ಐದು ಸಲ ದುಡ್ಡು ಹಾಕಿದವರು ಉಗಾಂಡಾದಲ್ಲಿ ಶೇ 17, ಮಲಾವಿಯಲ್ಲಿ ಶೇ 10, ಚಿಲಿಯಲ್ಲಿ ಬರೀ ಶೇ 3. ನಿಮ್ಮ ಅನುಭವವೂ ಇದೇ ಅಲ್ವಾ? ಆದರೆ ನೇಪಾಳದ ಪೋಖರಾದ ಕೊಳೆಗೇರಿಗಳಲ್ಲಿ ಮನೆ ನಡೆಸುವ ಹೆಣ್ಣುಮಕ್ಕಳಿಗೆ ಖಾತೆ ಕೊಟ್ಟಾಗ ಶೇ 84 ಮಂದಿ ತೆರೆದರು, ಅವರಲ್ಲಿ ಹೆಚ್ಚಿನವರು ಪದೇ ಪದೇ ಬಳಸಿದರು. ಅಲ್ಲಿ ದುಡ್ಡು ಕಟ್ಟುವ ಜಾಗ ಮನೆಯ ಹತ್ತಿರವೇ ಇತ್ತು. ತೆರೆಯಲು, ತೆಗೆಯಲು, ಇಟ್ಟುಕೊಳ್ಳಲು ಯಾವ ಶುಲ್ಕವೂ ಇರಲಿಲ್ಲ. ದಿನಗೂಲಿಯವರು ಅರ್ಧ ದಿನದ ಕೆಲಸ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು, ಒಂದು ಚಿಕ್ಕ ಮೊತ್ತ ಕಟ್ಟಲು ಬ್ಯಾಂಕಿಗೆ ಹೋಗುವುದಿಲ್ಲ. ಹೋಗಲೂಬಾರದು, ಅದು ಅವರಿಗೆ ನಷ್ಟ.

ಈಗ ಒಂದು ಮನೆಯ ತಿಂಗಳನ್ನು ಹತ್ತಿರದಿಂದ ನೋಡಿ. ಒಂದನೇ ತಾರೀಕು ಸಂಬಳ. ಎರಡಕ್ಕೆ ಬಾಡಿಗೆ. ಮೂರಕ್ಕೆ ಹೋದ ತಿಂಗಳು ತಂದಿದ್ದ ಕೈಗಡ ವಾಪಸ್. ಐದಕ್ಕೆ ಕರೆಂಟ್ ಬಿಲ್. ಎಂಟನೇ ತಾರೀಕಿಗೆ ಎರಡು ಮೂರು ದಿನದ ಕೂಲಿಯಷ್ಟು ದುಡ್ಡು ಇನ್ನೂ ಕೈಯಲ್ಲಿದೆ. ಹತ್ತಕ್ಕೆ ತಮ್ಮ ಬಂದು ‘ಅಕ್ಕಾ, ಒಂದು ವಾರದ ಮಟ್ಟಿಗೆ’ ಅಂತ ಕೇಳುತ್ತಾನೆ. ಮನೆಯಲ್ಲಿ ದುಡ್ಡು ಇರುವುದು ಅವನಿಗೆ ಗೊತ್ತು, ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಹದಿನೈದಕ್ಕೆ ಫೋನ್ ರೀಚಾರ್ಜ್, ಮಗಳ ಚಪ್ಪಲಿ. ಇಪ್ಪತ್ತಕ್ಕೆ ಕೈ ಬರಿದು. ಇಪ್ಪತ್ತಮೂರಕ್ಕೆ ಮಗುವಿಗೆ ಜ್ವರ. ಡಾಕ್ಟರಿಗೆ, ಔಷಧಿಗೆ ದುಡ್ಡು ಬೇಕು. ಮಗುವನ್ನು ನೋಡಿಕೊಳ್ಳಲು ರಜೆ ಹಾಕಿದ್ದಕ್ಕೆ ಎರಡು ದಿನದ ಕೂಲಿಯೂ ಹೋಯಿತು. ಕಡಿಮೆ ಆದಾಯದ ಮನೆಗೆ ಆಪತ್ತು ಹೀಗೆ ಎರಡೂ ಕಡೆಯಿಂದ ಹೊಡೆಯುತ್ತದೆ. ಖರ್ಚು ಏರುವ ದಿನವೇ ಗಳಿಕೆ ಇಳಿಯುತ್ತದೆ.

ಈ ತಿಂಗಳಲ್ಲಿ ದುಂದು ಎಲ್ಲಿದೆ ಹೇಳಿ? ನನಗಂತೂ ಕಾಣುವುದಿಲ್ಲ. ಎಂಟನೇ ತಾರೀಕಿಗೆ ಇದ್ದ ದುಡ್ಡು ಇಪ್ಪತ್ತಮೂರರವರೆಗೆ ನಿಲ್ಲಲಿಲ್ಲ, ಅಷ್ಟೇ. ಅಮೆರಿಕದಲ್ಲಿ ಕಡಿಮೆ ಮತ್ತು ಮಧ್ಯಮ ಆದಾಯದ ಮನೆಗಳ ಜಮಾಖರ್ಚನ್ನು ಒಂದು ವರ್ಷ ಬರೆದಿಟ್ಟು ನೋಡಿದ ಸಂಶೋಧಕರಿಗೂ ಇಂಥದ್ದೇ ಕಂಡಿತು. ಸರಾಸರಿ ಮನೆಯಲ್ಲಿ ವರ್ಷದ ಸುಮಾರು ಐದು ತಿಂಗಳು ಆದಾಯ ಮಾಮೂಲಿಗಿಂತ ಕಾಲು ಭಾಗಕ್ಕೂ ಜಾಸ್ತಿ ಮೇಲೆ ಅಥವಾ ಕೆಳಗೆ ಹೋಗಿರುತ್ತಿತ್ತು. ವರ್ಷದ ಲೆಕ್ಕದಲ್ಲಿ ಸರಿದೂಗುವ ಮನೆಯೂ ತಿಂಗಳ ಲೆಕ್ಕದಲ್ಲಿ ಮುಗ್ಗರಿಸುತ್ತದೆ.

ಇನ್ನು ಎಷ್ಟು ಉಳಿಸಬೇಕು ಅನ್ನುವ ಪ್ರಶ್ನೆ. ನೀವು ಕರೆಸಿದವರು ‘ಆರು ತಿಂಗಳ ಖರ್ಚಿನಷ್ಟು ಇಟ್ಟುಕೊಳ್ಳಿ’ ಅಂದಿರಬಹುದು, ಎಲ್ಲರೂ ಅದನ್ನೇ ಹೇಳುತ್ತಾರೆ. ಸಂಬಳ ಸಾಲದೆ ಸಾಲ ಮಾಡುವವರ ಕಿವಿಗೆ ಅದು ‘ನಿಮ್ಮಿಂದ ಆಗದು’ ಅಂದ ಹಾಗೆ ಕೇಳುತ್ತದೆ. ದಯವಿಟ್ಟು ಆ ಮಾತು ಬಿಡಿ. ಅಮೆರಿಕದ ಸಂಶೋಧನಾ ಸಂಸ್ಥೆ ಅರ್ಬನ್ ಇನ್‌ಸ್ಟಿಟ್ಯೂಟ್ 2016ರಲ್ಲಿ ಒಂದು ವಿಷಯ ತೋರಿಸಿಕೊಟ್ಟಿತು. 250ರಿಂದ 749 ಡಾಲರ್‌ನಷ್ಟು ಚಿಕ್ಕ ಉಳಿತಾಯ ಇದ್ದ ಮನೆಗಳು ಕೂಡ, ಕೆಲಸ ಹೋದಾಗ ಅಥವಾ ಆದಾಯ ಕುಸಿದಾಗ, ಏನೂ ಇಲ್ಲದ ಮನೆಗಳಿಗಿಂತ ಚೆನ್ನಾಗಿ ತಡೆದುಕೊಂಡಿದ್ದವು. ಮನೆ ಖಾಲಿ ಮಾಡಬೇಕಾಗಿ ಬರುವುದು, ಬಾಡಿಗೆ ಅಥವಾ ಬಿಲ್ ಬಾಕಿ ಬೀಳುವುದು ಅಲ್ಲಿ ಕಡಿಮೆ. ಕಡಿಮೆ ಆದಾಯವಿದ್ದು ಒಂದಿಷ್ಟು ಉಳಿತಾಯ ಇರುವವರು, ಮಧ್ಯಮ ಆದಾಯವಿದ್ದು ಏನೂ ಉಳಿಸದವರಿಗಿಂತ ಗಟ್ಟಿಯಾಗಿದ್ದರು. ಆ ದೇಶದಲ್ಲಿ 250 ಡಾಲರ್ ಎಂದರೆ ದೊಡ್ಡ ಮೊತ್ತವೇನಲ್ಲ. ಅದೇ ದೇಶದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಪ್ರತಿ ವರ್ಷ, 400 ಡಾಲರ್‌ನ ಖರ್ಚು ದಿಢೀರನೆ ಬಂದರೆ ಕೈಯಲ್ಲಿರುವ ದುಡ್ಡಲ್ಲೇ ನಿಭಾಯಿಸುತ್ತೀರಾ ಅಂತ ಜನರನ್ನು ಕೇಳುತ್ತದೆ. 2023ರಲ್ಲಿ ಹೌದು ಅಂದವರು ಶೇ 63. ಅಷ್ಟು ಶ್ರೀಮಂತ ದೇಶದಲ್ಲೂ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಆಗುವುದಿಲ್ಲ ಅನ್ನುತ್ತಾರೆ. ಹಾಗಿರುವಾಗ ನಿಮ್ಮವರು ಮಾತ್ರ ಎಲ್ಲೋ ತಪ್ಪು ಮಾಡುತ್ತಿದ್ದಾರೆ ಅಂತ ಅಂದುಕೊಳ್ಳುವುದು ಸರಿಯಲ್ಲ.

ಗುರಿ ಎಷ್ಟಿರಬೇಕು ಅನ್ನುವುದನ್ನು ನೀವು ಹೇಳಬೇಡಿ, ಅವರನ್ನೇ ಕೇಳಿ. ‘ಹೋದ ಸಲ ಸಾಲ ಮಾಡಿದ್ದು ಯಾವುದಕ್ಕೆ? ಎಷ್ಟಾಗಿತ್ತು?’ ಇಷ್ಟು ಸಾಕು. ಒಬ್ಬರಿಗೆ ಅದು ನಾಲ್ಕು ದಿನದ ಕೂಲಿ, ಇನ್ನೊಬ್ಬರಿಗೆ ಹತ್ತು ದಿನದ್ದು. ಅದೇ ಮೊದಲ ಗುರಿ. ಆ ಮೊತ್ತ ಯಾಕೆ ಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು, ಬಡ್ಡಿ ಎಷ್ಟು ಕಟ್ಟಿದೆವು ಅನ್ನುವುದೂ ಮರೆತಿರುವುದಿಲ್ಲ.

ಈಗ ಲಾಕ್ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ಕೀನ್ಯಾದ ಹಳ್ಳಿ ಕಡೆ ಅರ್ಥಶಾಸ್ತ್ರಜ್ಞರಾದ ಪಾಸ್ಕಲಿನ್ ದ್ಯುಪಾ ಮತ್ತು ಜೊನಾಥನ್ ರಾಬಿನ್‌ಸನ್ ನಡೆಸಿದ ಪ್ರಯೋಗ ನನಗೆ ತುಂಬ ಇಷ್ಟ. 2013ರಲ್ಲಿ ಅದು ಪ್ರಕಟವಾಯಿತು. ಆರೋಗ್ಯದ ಖರ್ಚಿಗೆ ದುಡ್ಡು ಕೂಡಿಡಲಿ ಅಂತ ಅವರು ಕೆಲವರಿಗೆ ಒಂದು ತಗಡಿನ ಡಬ್ಬಿ ಕೊಟ್ಟರು. ಮೇಲೆ ದುಡ್ಡು ಹಾಕುವಷ್ಟು ಸೀಳು, ಪಕ್ಕದಲ್ಲಿ ಬೀಗ. ಒಂದು ಗುಂಪಿಗೆ ಬೀಗದ ಕೈಯನ್ನೂ ಕೊಟ್ಟರು. ಇನ್ನೊಂದು ಗುಂಪಿಗೆ ಅದೇ ಡಬ್ಬಿ, ಬೀಗದ ಕೈ ಮಾತ್ರ ಯೋಜನೆಯವರ ಹತ್ತಿರ. ಬೇಕಾದ ವಸ್ತು ಕೊಳ್ಳುವಷ್ಟು ದುಡ್ಡು ಸೇರಿದ ಮೇಲೆ ಅವರೇ ಬಂದು ತೆರೆಯಬೇಕು. ಎರಡನೆಯದೇ ಗೆಲ್ಲುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದದ್ದು ಬೇರೆ. ಬೀಗದ ಕೈ ಕೈಯಲ್ಲೇ ಇದ್ದವರು ಸೊಳ್ಳೆಪರದೆಯಂಥ ಆರೋಗ್ಯದ ವಸ್ತುಗಳಿಗೆ ಮಾಡಿದ ಖರ್ಚು, ಡಬ್ಬಿ ಇಲ್ಲದವರದಕ್ಕಿಂತ ಮೂರನೇ ಎರಡು ಭಾಗದಷ್ಟಾದರೂ ಜಾಸ್ತಿಯಾಯಿತು. ಬೀಗದ ಕೈ ಬೇರೆಯವರ ಹತ್ತಿರ ಇದ್ದ ಡಬ್ಬಿಯಿಂದ ಅಂಥ ಲಾಭ ಕಾಣಲಿಲ್ಲ. ದಿಢೀರನೆ ಏನಾದರೂ ಆದರೆ ಆ ದುಡ್ಡು ಸಿಗುವುದಿಲ್ಲವಲ್ಲ ಅನ್ನುವ ಅಳುಕಿಗೇ ಜನ ಅದರಲ್ಲಿ ಜಾಸ್ತಿ ಹಾಕಲಿಲ್ಲ.

ಯಾವಾಗ ಬೇಕಾದರೂ ತೆಗೆಯಬಹುದಾದ ಡಬ್ಬಿ ಹೇಗೆ ಕೆಲಸ ಮಾಡಿತು? ಆ ದುಡ್ಡು ‘ಎತ್ತಿಟ್ಟದ್ದು’ ಆಯಿತು, ಅದಕ್ಕೇ. ತಮ್ಮ ಬಂದು ಕೇಳಿದಾಗ ‘ಕೈಯಲ್ಲಿ ಇಲ್ಲಪ್ಪ, ಇರುವುದು ಆಸ್ಪತ್ರೆ ಖರ್ಚಿಗೆ ಇಟ್ಟಿದ್ದು’ ಅಂತ ಸಂಕೋಚವಿಲ್ಲದೆ ಹೇಳಬಹುದು. ಸುಮ್ನೆ ಯಾವುದೋ ಸಣ್ಣ ಆಸೆಗೆ ಡಬ್ಬಿ ತೆರೆಯಲು ತನಗೂ ಮನಸ್ಸು ಬರುವುದಿಲ್ಲ. ಈ ಮೆತ್ತನೆಯ ತಡೆ ಸಾಕು, ಗಟ್ಟಿ ಬೀಗ ಬೇಡ.

ಗಟ್ಟಿ ಬೀಗ ಎಲ್ಲಿ ಸಲ್ಲುತ್ತದೆ ಅಂತಲೂ ಹೇಳಬೇಕು. ಫಿಲಿಪೀನ್ಸಿನಲ್ಲಿ ಗುರಿ ಮುಟ್ಟುವವರೆಗೆ ದುಡ್ಡು ತೆಗೆಯಲಾಗದ ಖಾತೆಯನ್ನು ಬ್ಯಾಂಕೊಂದರ ಗ್ರಾಹಕರ ಮುಂದೆ ಇಟ್ಟಾಗ ಶೇ 28ರಷ್ಟು ಜನ ಅದನ್ನು ತಾವೇ ಇಷ್ಟಪಟ್ಟು ಆರಿಸಿಕೊಂಡರು, ಅವರ ಉಳಿತಾಯವೂ ಚೆನ್ನಾಗಿ ಬೆಳೆಯಿತು. ಶಾಲೆಯ ಫೀಸು, ಮದುವೆ, ಮನೆ ರಿಪೇರಿ ಇವೆಲ್ಲ ಯಾವಾಗ ಬರುತ್ತವೆ ಅಂತ ಮೊದಲೇ ಗೊತ್ತಿರುತ್ತದೆ. ಅಂಥದ್ದಕ್ಕೆ ಬೀಗ ಒಳ್ಳೆಯದೇ. ಜ್ವರಕ್ಕೆ ತಾರೀಕು ಇರುವುದಿಲ್ಲ. ಆಪತ್ತಿನ ದುಡ್ಡಿಗೆ ಆಪತ್ತಿನ ದಿನವೇ ಬೀಗ ಬಿದ್ದಿದ್ದರೆ, ನಿಮ್ಮ ಕೆಲಸಗಾರ ಖಾತೆಯಲ್ಲಿ ದುಡ್ಡು ಇಟ್ಟುಕೊಂಡೇ ಬಡ್ಡಿ ಸಾಲಕ್ಕೆ ಹೋಗಬೇಕಾಗುತ್ತದೆ. ಅಷ್ಟಾದ ಮೇಲೆ ಅವರು ಆ ಖಾತೆಯನ್ನು ಮತ್ತೆ ನಂಬುವುದಿಲ್ಲ.

ನೀವು ಸಂಬಳ ಕೊಡುವವರು. ಹೊರಗಿನ ಯಾವ ಸಂಸ್ಥೆಗೂ ಇಲ್ಲದ ಅನುಕೂಲ ನಿಮಗಿದೆ, ಸಂಬಳ ಅವರ ಕೈ ಸೇರುವ ಮೊದಲೇ ಒಂದು ಭಾಗವನ್ನು ಬೇರೆ ದಾರಿಗೆ ಹಾಕಬಹುದು. ಕೈಗೆ ಬಂದ ದುಡ್ಡನ್ನು ಎತ್ತಿಡಬೇಕಾದರೆ ಪ್ರತಿ ತಿಂಗಳೂ ಹೊಸದಾಗಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಮೊದಲೇ ಬೇರೆಯಾಗಿ ಹೋದರೆ ಒಂದು ಸಲ ನಿರ್ಧಾರ ಮಾಡಿದರೆ ಸಾಕು. ಬ್ರಿಟನ್ನಿನಲ್ಲಿ ನೆಸ್ಟ್ ಇನ್‌ಸೈಟ್ ಎಂಬ ಸಂಶೋಧನಾ ಘಟಕ ಹಲವು ಕಂಪನಿಗಳ ಜೊತೆ ಸೇರಿ ಇದನ್ನು ಪರೀಕ್ಷಿಸಿತು. ‘ಬೇಕಾದವರು ಹೆಸರು ಕೊಡಿ’ ಅಂದಾಗ ಸೇರಿದವರು ಬೆರಳೆಣಿಕೆಯಷ್ಟು ಜನ. ‘ಎಲ್ಲರ ಹೆಸರೂ ಸೇರಿದೆ, ಬೇಡದವರು ಹೇಳಿ, ತೆಗೆಯುತ್ತೇವೆ’ ಅಂದ ಕಡೆ ಹೆಚ್ಚು ಕಡಿಮೆ ಅರ್ಧದಷ್ಟು ಜನ ಉಳಿಸತೊಡಗಿದರು. ಹೆಸರು ಕೊಡದವರೆಲ್ಲ ಉಳಿತಾಯ ಬೇಡ ಅಂದವರಲ್ಲ. ಫಾರ್ಮ್ ತುಂಬುವುದು, ಎಷ್ಟು ಅಂತ ಯೋಚಿಸುವುದು, ನಾಳೆ ಮಾಡೋಣ ಅನ್ನುವುದು, ಇಷ್ಟರಲ್ಲೇ ಎಷ್ಟೋ ಜನ ನಿಂತುಹೋಗುತ್ತಾರೆ.

ಅಮೆರಿಕ 2022ರ ಡಿಸೆಂಬರ್‌ನಲ್ಲಿ ಇದಕ್ಕೆ ಕಾನೂನನ್ನೇ ಮಾಡಿತು. ಸೆಕ್ಯೂರ್ 2.0 ಅಂತ ಅದಕ್ಕೆ ಹೆಸರು. ನಿವೃತ್ತಿ ಉಳಿತಾಯದ ಜೊತೆಗೆ ಒಂದು ಆಪತ್ಕಾಲದ ಖಾತೆ ಇಡಬಹುದು. ಸಂಬಳದ ಶೇ 3ರವರೆಗೆ ತಾನಾಗಿ ಅದಕ್ಕೆ ಹೋಗುವ ಹಾಗೆ ಮಾಡಬಹುದು, ಉದ್ಯೋಗಿ ಹಾಕುವ ದುಡ್ಡಿಗೆ ಕಾನೂನು ಇಟ್ಟ ಮೊದಲ ಮಿತಿ 2,500 ಡಾಲರ್. ವರ್ಷದಲ್ಲಿ ಮೊದಲ ನಾಲ್ಕು ಸಲ ತೆಗೆಯುವುದಕ್ಕೆ ಶುಲ್ಕ ಹಾಕುವ ಹಾಗಿಲ್ಲ. ಹಾಕುವುದು ತಾನಾಗಿ ಆಗಬೇಕು, ತೆಗೆಯುವುದು ಸಲೀಸಾಗಿರಬೇಕು ಅನ್ನುವ ಎರಡೂ ಅದರಲ್ಲಿ ಇವೆ. ನಿಮ್ಮ ಸಂಸ್ಥೆ ಎಷ್ಟೇ ಚಿಕ್ಕದಿರಲಿ, ಈ ಎರಡನ್ನು ಒಟ್ಟಿಗೆ ಇಟ್ಟುಕೊಳ್ಳಿ.

ನಿಮ್ಮಲ್ಲಿ ಇದನ್ನು ಹೇಗೆ ಮಾಡಬೇಕು ಅಂತ ಬಿಡಿಸಿ ಹೇಳುತ್ತೇನೆ, ಎಡವುವುದು ಇಲ್ಲೇ. ದುಡ್ಡು ಕೆಲಸಗಾರರ ಹೆಸರಿನ ಖಾತೆಯಲ್ಲೇ ಇರಬೇಕು. ಸಂಸ್ಥೆಯ ಖಾತೆಯಲ್ಲಿ ಇಟ್ಟುಕೊಂಡು ಲೆಕ್ಕ ಬರೆದಿಡುವುದು ಖಂಡಿತ ಬೇಡ. ನಾಳೆ ನಿಮಗೇ ದುಡ್ಡಿನ ಅಡಚಣೆ ಬಂದರೆ ಅವರ ಉಳಿತಾಯವೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಸಂಬಳದ ಖಾತೆ ಒಂದು, ಆಪತ್ತಿನ ಖಾತೆ ಇನ್ನೊಂದು, ಎರಡೂ ಬೇರೆ ಬೇರೆ ಇರಲಿ. ಅವರ ಖಾತೆಗಳು ಖಾಲಿಯಾಗಲು ಬಹುಶಃ ಇದೂ ಒಂದು ಕಾರಣ, ಎಲ್ಲ ದುಡ್ಡೂ ಒಂದೇ ಕಡೆ ಇದ್ದರೆ ಯಾವುದು ಖರ್ಚಿನದು, ಯಾವುದು ಎತ್ತಿಟ್ಟದ್ದು ಅಂತ ಗೊತ್ತಾಗುವುದಿಲ್ಲ. ಸಂಬಳದಿಂದ ಹಣ ಹಿಡಿಯಲು ಲಿಖಿತ ಒಪ್ಪಿಗೆ ಬೇಕು ಅನ್ನುವ ಕಾನೂನು ಬಹಳ ಕಡೆ ಇದೆ. ಹಾಗಿದ್ದರೆ ಒಬ್ಬೊಬ್ಬರನ್ನೂ ಕೂರಿಸಿಕೊಂಡು, ‘ಬೇಕು’ ‘ಬೇಡ’ ಎರಡೂ ಇರುವ ಒಂದು ಚೀಟಿ ಕೊಟ್ಟು, ಒಂದಕ್ಕೆ ಗುರುತು ಹಾಕಿಸಿ. ಬೇಡ ಅಂದವರನ್ನು ಮತ್ತೆ ಮತ್ತೆ ಕೇಳಬೇಡಿ. ಮೇಸ್ತ್ರಿಯ ಕೈಯಲ್ಲಿ ಕೇಳಿಸಲೇಬೇಡಿ, ಅವರ ಮುಂದೆ ಇಲ್ಲ ಅನ್ನಲು ಜನ ಹೆದರುತ್ತಾರೆ.

ಮೊತ್ತ ಚಿಕ್ಕದಿರಲಿ. ತಿಂಗಳಿಗೆ ಅರ್ಧ ದಿನದ ಕೂಲಿಯಿಂದ ಶುರುಮಾಡಿದರೂ ಸಾಕು. ಓವರ್‌ಟೈಮ್ ಅಥವಾ ಬೋನಸ್ ಬಂದ ತಿಂಗಳು ಅದರಲ್ಲಿ ಒಂದು ಭಾಗ ಜಾಸ್ತಿ ಹೋಗಲಿ ಅಂತ ಮೊದಲೇ ಒಪ್ಪಿಸಿಕೊಂಡಿರಿ. ಇನ್ನೂ ಬಾರದ ದುಡ್ಡಿನಲ್ಲಿ ಪಾಲು ತೆಗೆಯಲು ಯಾರಿಗೂ ಅಷ್ಟು ಸಂಕಟ ಆಗುವುದಿಲ್ಲ. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಸಿ ಇದನ್ನೇ ಹಿಡಿದು, ಸಂಬಳ ಏರಿದಾಗೆಲ್ಲ ಉಳಿತಾಯವೂ ಏರುವ ಯೋಜನೆಯೊಂದನ್ನು ಮಾಡಿದರು. ಸೇರಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ 3.5ರಿಂದ ಶೇ 13.6ಕ್ಕೆ ಏರಿತು. ಅದು ನಿವೃತ್ತಿಯ ಉಳಿತಾಯ, ಅಲ್ಲಿದ್ದವರ ಸಂಬಳವೂ ನಿಮ್ಮವರಿಗಿಂತ ಚೆನ್ನಾಗಿತ್ತು. ಅಷ್ಟು ಏರಿಕೆಯನ್ನು ನೀವು ನಿರೀಕ್ಷಿಸಬೇಡಿ, ಉಪಾಯವನ್ನು ಮಾತ್ರ ತೆಗೆದುಕೊಳ್ಳಿ. ಆದಾಯ ಬಿದ್ದ ತಿಂಗಳು ಒಂದು ಮಾತು ಹೇಳಿದರೆ ಕಡಿತ ನಿಲ್ಲಬೇಕು. ದುಡ್ಡು ತೆಗೆಯಬೇಕಾದಾಗ ಯಾರಿಗೂ ಕಾರಣ ಹೇಳುವ ಹಾಗೆ ಇರಬಾರದು. ಯಾರ ಖಾತೆಯಲ್ಲಿ ಎಷ್ಟಿದೆ ಅನ್ನುವುದು ನಿಮ್ಮ ಆಫೀಸಿನಲ್ಲಿ ಯಾರಿಗೂ ಕಾಣಬಾರದು, ನಿಮಗೂ ಕಾಣಬಾರದು. ‘ಉಳಿತಾಯ ಇದೆಯಲ್ಲ, ಸಂಬಳ ಯಾಕೆ ಏರಿಸಬೇಕು’ ಅಂತ ಯಾವಾಗಲಾದರೂ ಮಾತು ಬಂದೀತು ಅನ್ನುವ ಭಯ ಕೆಲಸಗಾರರಿಗೆ ಇರುತ್ತದೆ, ಆ ಭಯ ಸುಳ್ಳೂ ಅಲ್ಲ.

ಆಸ್ಪತ್ರೆ, ಮಳೆಗಾಲ, ಕೆಲಸವಿಲ್ಲದ ದಿನ, ಹೀಗೆ ಆ ಖಾತೆಗೆ ಅವರೇ ಒಂದು ಹೆಸರಿಡಲಿ. ಕೂಲಿ ಕೆಲಸದವರ ಜೊತೆ ಸಂಶೋಧಕರಾದ ದಿಲೀಪ್ ಸೋಮನ್ ಮತ್ತು ಅಮರ್ ಚೀಮಾ ಮಾಡಿದ ಪ್ರಯೋಗದಲ್ಲಿ, ಎತ್ತಿಟ್ಟ ದುಡ್ಡಿನ ಲಕೋಟೆಯ ಮೇಲೆ ಸ್ವಂತ ಮಕ್ಕಳ ಫೋಟೋ ಇದ್ದಾಗ ಉಳಿತಾಯ ಜಾಸ್ತಿಯಾಯಿತು. ನೆನಪಿನ ಮೆಸೇಜ್‌ಗಳಿಂದಲೂ ಅಷ್ಟಿಷ್ಟು ಉಪಯೋಗವಿದೆ. ಬೊಲಿವಿಯಾ, ಪೆರು, ಫಿಲಿಪೀನ್ಸ್‌ಗಳಲ್ಲಿ ಅವುಗಳಿಂದ ಉಳಿತಾಯ ಶೇ 6ರಷ್ಟು ಏರಿತ್ತು. ಕಳಿಸುವುದಾದರೆ ಸಂಬಳದ ದಿನ ಕಳಿಸಿ. ಇಪ್ಪತ್ತೈದನೇ ತಾರೀಕಿಗೆ ಬಂದ ಮೆಸೇಜ್ ಮನಸ್ಸಿಗೆ ನೋವು ಮಾಡುತ್ತದೆ, ಅಷ್ಟೇ.

ಬ್ಯಾಂಕನ್ನು ನಂಬದವರು, ಖಾತೆ ಅಂದರೆ ಹಿಂಜರಿಯುವವರು ಎಲ್ಲ ಕಡೆ ಇರುತ್ತಾರೆ. ಅವರಿಗೆ ಗುಂಪು ಚೆನ್ನಾಗಿ ಒಗ್ಗುತ್ತದೆ. 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಎಂಬ ನೆರವು ಸಂಸ್ಥೆ ಶುರುಮಾಡಿದ ಉಳಿತಾಯ ಗುಂಪಿನ ಮಾದರಿ ಈಗ ಎಷ್ಟೋ ದೇಶಗಳಿಗೆ ಹರಡಿದೆ. 15ರಿಂದ 25 ಜನ. ಒಂದು ಪೆಟ್ಟಿಗೆ, ಅದಕ್ಕೆ ಮೂರು ಬೀಗ, ಮೂರು ಬೀಗದ ಕೈಗಳು ಮೂರು ಜನರ ಹತ್ತಿರ. ಮೂವರೂ ಕೂಡದೆ ಪೆಟ್ಟಿಗೆ ತೆರೆಯುವ ಹಾಗಿಲ್ಲ. ದುಡ್ಡನ್ನು ಎಲ್ಲರ ಎದುರಿಗೆ ಎಣಿಸಿ, ಎಲ್ಲರ ಎದುರಿಗೆ ಬರೆಯುತ್ತಾರೆ. ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅವರ ಇನ್ನೊಂದು ಚಿಕ್ಕ ನಿಧಿ. ಪ್ರತಿ ಸಭೆಯಲ್ಲಿ ಎಲ್ಲರೂ ಒಂದು ಸಣ್ಣ ಮೊತ್ತವನ್ನು ಬೇರೆ ಚೀಲಕ್ಕೆ ಹಾಕುತ್ತಾರೆ. ಯಾರ ಮನೆಯಲ್ಲಾದರೂ ಕಾಯಿಲೆ, ಸಾವು, ಬೆಂಕಿ ಅನಾಹುತ ಆದರೆ ಅದರಿಂದ ಕೊಡುತ್ತಾರೆ. ಒಬ್ಬರ ಉಳಿತಾಯ ಒಂದು ಕಾಯಿಲೆಗೇ ಮುಗಿದುಹೋಗಬಹುದು. ಇಪ್ಪತ್ತು ಮನೆಗೆ ಒಂದೇ ವಾರ ಆಪತ್ತು ಬರುವುದು ಅಪರೂಪ. ಆದರೆ ನಿಮ್ಮಲ್ಲೇ ಕೆಲಸ ನಿಂತರೆ ಎಲ್ಲರಿಗೂ ಒಟ್ಟಿಗೇ ಪೆಟ್ಟು ಬೀಳುತ್ತದೆ, ಹಾಗಾಗಿ ಗುಂಪಿನ ನಿಧಿಯ ಜೊತೆ ಸ್ವಂತದ್ದೂ ಇರಬೇಕು. ಗುಂಪಿನಲ್ಲಿ ಹೇಳಿಕೊಂಡು ಉಳಿಸುವುದಕ್ಕೂ ಬಲವಿದೆ. ಚಿಲಿಯಲ್ಲಿ ತಮ್ಮ ಉಳಿತಾಯದ ಗುರಿಯನ್ನು ಜೊತೆಯವರ ಮುಂದೆ ಹೇಳಿ, ಪ್ರತಿ ವಾರ ವರದಿ ಒಪ್ಪಿಸಿದವರು ಉಳಿದವರಿಗಿಂತ ಮೂರೂವರೆ ಪಟ್ಟು ಜಾಸ್ತಿ ಸಲ ದುಡ್ಡು ಹಾಕಿದರು. ಗುಂಪನ್ನು ನಡೆಸುವವರು ಕೆಲಸಗಾರರೇ ಆಗಿರಲಿ. ಮಾಲೀಕರು ಕೂತ ಸಭೆಯಲ್ಲಿ ಯಾರೂ ನಿಜ ಹೇಳುವುದಿಲ್ಲ.

ಪ್ರೋತ್ಸಾಹಧನ ಕೊಡಬೇಕೇ ಅಂತ ಕೆಲವರು ಕೇಳುತ್ತಾರೆ. ಕೊಡುವ ಶಕ್ತಿ ಇದ್ದರೆ ಕೊಡಿ. ಬ್ರಿಟನ್ ಸರ್ಕಾರ 2018ರಲ್ಲಿ ಹೆಲ್ಪ್ ಟು ಸೇವ್ ಅನ್ನುವ ಯೋಜನೆ ತಂದಿತು. ಕಡಿಮೆ ಆದಾಯದವರು ತಿಂಗಳಿಗೆ 50 ಪೌಂಡ್‌ವರೆಗೆ ಹಾಕಬಹುದು, ಸರ್ಕಾರ ಎರಡು ವರ್ಷಕ್ಕೊಮ್ಮೆ ಶೇ 50 ಬೋನಸ್ ಕೊಡುತ್ತದೆ. ಮೊದಲ ಎರಡು ವರ್ಷದ ಬೋನಸ್ಸನ್ನು, ಆ ಅವಧಿಯಲ್ಲಿ ಖಾತೆ ಮುಟ್ಟಿದ ಅತಿ ಹೆಚ್ಚು ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ. ನಡುವೆ ಆಪತ್ತು ಬಂದು ದುಡ್ಡು ತೆಗೆದರೂ ಅಲ್ಲಿಯವರೆಗೆ ಗಳಿಸಿದ ಬೋನಸ್ ಹೋಗುವುದಿಲ್ಲ. ಬಡವರ ಕಷ್ಟ ಗೊತ್ತಿದ್ದವರು ಬರೆದ ನಿಯಮ ಅದು. ಅಮೆರಿಕದ ಮಿಶಿಗನ್‌ನಲ್ಲಿ 2009ರಲ್ಲಿ ಕೆಲವು ಸಹಕಾರಿ ಬ್ಯಾಂಕುಗಳು, ಅಂದರೆ ಕ್ರೆಡಿಟ್ ಯೂನಿಯನ್‌ಗಳು ಸೇರಿ ಸೇವ್ ಟು ವಿನ್ ಶುರುಮಾಡಿದವು. 25 ಡಾಲರ್ ಹಾಕಿದರೆ ಬಹುಮಾನದ ಡ್ರಾದಲ್ಲಿ ಒಂದು ಅವಕಾಶ, ಬಹುಮಾನ ಬರದಿದ್ದರೂ ಹಾಕಿದ ದುಡ್ಡು ಪೂರ್ತಿ ಇರುತ್ತದೆ. ನಿಮ್ಮಂಥ ಚಿಕ್ಕ ಸಂಸ್ಥೆಗೆ ನನ್ನ ಸಲಹೆ ಸರಳ. ಮೊದಲ ಗುರಿ ಮುಟ್ಟಿದವರಿಗೆ ಒಂದು ದಿನದ ಕೂಲಿ ಸೇರಿಸಿ ಕೊಡಿ. ಅದೂ ಕಷ್ಟವಾದರೆ, ಬ್ಯಾಂಕಿನ ಜೊತೆ ಮಾತಾಡಿ ಕನಿಷ್ಠ ಬ್ಯಾಲೆನ್ಸ್ ಮತ್ತು ಶುಲ್ಕದ ತಾಪತ್ರಯ ಇಲ್ಲದ ಖಾತೆ ಕೊಡಿಸಿ. ಚಿಕ್ಕ ಉಳಿತಾಯವನ್ನು ಶುಲ್ಕಗಳು ಬೇಗ ತಿಂದುಹಾಕುತ್ತವೆ.

‘ಸಾಲ ಇರುವಾಗ ಉಳಿಸುವುದು ಯಾಕೆ, ಮೊದಲು ಸಾಲ ತೀರಿಸಲಿ’ ಅಂತಲೂ ನಿಮಗೆ ಅನ್ನಿಸಬಹುದು. ಲೆಕ್ಕದ ಪ್ರಕಾರ ಅದು ಸರಿ. ಸಾಲದ ಬಡ್ಡಿ ಸಾಮಾನ್ಯವಾಗಿ ಉಳಿತಾಯದ ಬಡ್ಡಿಗಿಂತ ಜಾಸ್ತಿ. ಆದರೂ ನಾನು ಮೊದಲ ಚಿಕ್ಕ ಗುರಿಯನ್ನು ಸಾಲದ ಜೊತೆಗೇ ಮುಟ್ಟಲಿ ಅನ್ನುತ್ತೇನೆ. ಎಲ್ಲ ದುಡ್ಡನ್ನೂ ಸಾಲಕ್ಕೆ ಸುರಿದವರಿಗೆ ಮುಂದಿನ ಜ್ವರಕ್ಕೆ ಇನ್ನೊಂದು ಸಾಲವೇ ಗತಿ, ಅದೂ ಅವಸರದಲ್ಲಿ, ಕೇಳಿದಷ್ಟು ಬಡ್ಡಿಗೆ. ನಾಲ್ಕು ದಿನದ ಕೂಲಿಯಷ್ಟು ಕೈಯಲ್ಲಿದ್ದರೆ ಈ ಸುತ್ತು ಒಂದು ಕಡೆ ತುಂಡಾಗುತ್ತದೆ. ಅಲ್ಲಿಂದ ಮುಂದಿನ ದುಡ್ಡೆಲ್ಲ ಸಾಲಕ್ಕೇ ಹೋಗಲಿ.

ಕೆಲವು ಮನೆಗಳಲ್ಲಿ ಉಳಿಸಲು ಏನೂ ಇರುವುದಿಲ್ಲ. ಒಬ್ಬರೇ ದುಡಿಯುವವರು, ಮಲಗಿದಲ್ಲೇ ಇರುವ ಅಪ್ಪ ಅಥವಾ ಅಮ್ಮ, ಶಾಲೆಗೆ ಹೋಗುವ ಮಕ್ಕಳು. ಅಲ್ಲಿ ಉಳಿತಾಯ ಅಂದರೆ ಊಟವನ್ನೋ ಔಷಧಿಯನ್ನೋ ಕಡಿಮೆ ಮಾಡುವುದು. ಅಂಥವರ ಹತ್ತಿರ ಉಳಿತಾಯದ ಮಾತು ಎತ್ತಲೇಬೇಡಿ. ಅವರಿಗೆ ಬೇಕಾದದ್ದು ಜಾಸ್ತಿ ಸಂಬಳ, ಸಂಬಳ ಸಹಿತ ಕಾಯಿಲೆ ರಜೆ, ಸಿಗಬೇಕಾದ ಸರ್ಕಾರಿ ನೆರವು ತಪ್ಪದೆ ಸಿಗುವುದು. ಕಾಯಿಲೆ ರಜೆ ಇದ್ದರೆ ಜ್ವರದ ದಿನ ಬೀಳುವ ಎರಡು ಹೊಡೆತದಲ್ಲಿ ಒಂದು ತಪ್ಪುತ್ತದೆ. ಕಷ್ಟಪಟ್ಟು ಉಳಿಸುವುದಕ್ಕಿಂತ ಅದು ಎಷ್ಟೋ ದೊಡ್ಡ ಸಹಾಯ, ಮತ್ತು ಅದು ನಿಮ್ಮ ಕೈಯಲ್ಲೇ ಇದೆ.

ಸರ್ಕಾರದ ನೆರವು ಪಡೆಯುವವರು ಇದ್ದರೆ ಅದರ ನಿಯಮವನ್ನೂ ಒಮ್ಮೆ ಓದಿ. ಕೆಲವು ದೇಶಗಳಲ್ಲಿ ಉಳಿತಾಯ ಒಂದು ಮಿತಿ ದಾಟಿದರೆ ನೆರವು ನಿಲ್ಲುತ್ತದೆ. ಅಮೆರಿಕದಲ್ಲಿ ವೃದ್ಧರಿಗೆ ಮತ್ತು ಅಂಗವಿಕಲರಿಗೆ ಸಿಗುವ ಪೂರಕ ಭತ್ಯೆಗೆ ಒಬ್ಬರ ಆಸ್ತಿಯ ಮಿತಿ 2,000 ಡಾಲರ್. 1989ರಿಂದ ಅದು ಏರಿಲ್ಲ. ಅಂಥ ನಿಯಮದ ಕೆಳಗೆ ಬದುಕುವವರಿಗೆ ಉಳಿಸಲು ಹೆದರಿಕೆ ಆಗುವುದು ಸಹಜ.

ಕೊನೆಯದಾಗಿ, ದುಡ್ಡು ತೆಗೆದ ದಿನದ ಬಗ್ಗೆ. ಆರು ತಿಂಗಳು ಕೂಡಿಟ್ಟದ್ದು ಒಂದೇ ದಿನ ಖಾಲಿಯಾದರೆ ಜನರಿಗೆ ಸೋತ ಹಾಗೆ ಅನ್ನಿಸುತ್ತದೆ. ‘ನಮ್ಮ ಕೈಯಲ್ಲಿ ದುಡ್ಡು ನಿಲ್ಲುವುದೇ ಇಲ್ಲ’ ಅಂತ ಬಿಟ್ಟುಬಿಡುತ್ತಾರೆ. ಆ ವಾರ ಅವರ ಜೊತೆ ಯಾರಾದರೂ ಮಾತಾಡಬೇಕು. ‘ಹೋದ ಸಲ ಇಂಥದ್ದೇ ಆದಾಗ ಎಷ್ಟು ಬಡ್ಡಿ ಕಟ್ಟಿದ್ದಿರಿ? ಈ ಸಲ ಎಷ್ಟು ಕಟ್ಟಿದಿರಿ?’ ಅಂತ ಕೇಳಿ. ಏನೂ ಇಲ್ಲ ಅನ್ನುವ ಉತ್ತರ ಅವರ ಬಾಯಿಂದಲೇ ಬರುತ್ತದೆ. ಮುಂದಿನ ತಿಂಗಳ ಕಡಿತವನ್ನು, ಬೇಕಿದ್ದರೆ ಅರ್ಧಕ್ಕೆ ಇಳಿಸಿ, ಮತ್ತೆ ಶುರುಮಾಡಿಸಿ.

ಹಾಗಾಗಿ ಆರು ತಿಂಗಳ ನಂತರ ಯಾವ ಖಾತೆ ತುಂಬಿದೆ, ಯಾವುದು ಖಾಲಿ ಅಂತ ನೋಡಬೇಡಿ. ನಿಮ್ಮ ಅಡ್ವಾನ್ಸ್ ಪುಸ್ತಕ ನೋಡಿ, ಕೇಳಿಕೊಂಡು ಬರುವವರು ಕಡಿಮೆಯಾಗಿದ್ದಾರೆಯೇ ಅಂತ. ತೆಗೆದವರಲ್ಲಿ ಎಷ್ಟು ಜನ ಮತ್ತೆ ಹಾಕಲು ಶುರುಮಾಡಿದರು ಅನ್ನುವುದನ್ನು, ಹೆಸರು ಕೇಳದೆ, ಬರೀ ಸಂಖ್ಯೆಯನ್ನು ಬ್ಯಾಂಕಿನವರಿಂದ ಕೇಳಿ. ಅಡ್ವಾನ್ಸ್ ಕೊಡುವುದನ್ನು ಮಾತ್ರ ಸದ್ಯಕ್ಕೆ ನಿಲ್ಲಿಸಬೇಡಿ. ಉಳಿತಾಯ ಬೇರೂರಲು ಒಂದು ವರ್ಷವಾದರೂ ಬೇಕು, ಅಲ್ಲಿಯವರೆಗೆ ಅವರಿಗೆ ಬಡ್ಡಿಯಿಲ್ಲದೆ ಸಿಗುವ ದುಡ್ಡು ಅದೊಂದೇ.